ಘಾಟಿ ಹತ್ತದ ಪಿಕಪ್ಪಿನ ಬಗ್ಗೆ

ಕೆರೆಕಟ್ಟೆ,
ಶೃಂಗೇರಿ ತಾಲ್ಲೂಕು

ಆತ್ಮೀಯ ಓದುಗ ಮಿತ್ರರಿಗೆ,

ಬಾಳೆಹೊನ್ನೂರಿನಿಂದ ನೀವು ಬರೆದ ಪತ್ರ ಕೈಸೇರಿತು. ಕಾರ್ಕಳದಿಂದ ಸಿಮೆಂಟು ಹೇರಿಕೊಂಡು ಬಜಗೋಳಿ ದಾಟಿ ಮಾಳದ ಘಾಟಿ ಹತ್ತುವಾಗ ಪಿಕಪ್ಪು ಎಳೆಯದೆ ಹೋಯಿತು, ಮೀಟರ್ ಬೋರ್ಡಿನಲ್ಲಿ ಎಂಜಿನ್ ಲೈಟು ಹತ್ತಿತು, ಎಸ್.ಕೆ. ಬಾರ್ಡರ್ ತನಕ ಎರಡನೇ ಗೇರಿನಲ್ಲೇ ತೆವಳಿಕೊಂಡು ಬಂದೆ ಎಂದಿದ್ದೀರಿ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0087 ಬಂತಂತೆ. 'ಹೈ ಪ್ರೆಶರ್ ಪಂಪು ಹೋಗಿದೆ' ಎಂದರಂತೆ. ಅದರ ರೇಟು ಕೇಳಿ ಗಾಡಿಯನ್ನು ಹಾಗೇ ವಾಪಸ್ ತಂದು ಅಂಗಳದಲ್ಲಿ ನಿಲ್ಲಿಸಿದ್ದೀರಿ. ಒಳ್ಳೆಯದೇ ಆಯಿತು. ಪಂಪಿಗೆ ಕೈಹಾಕುವ ಮೊದಲು ಮನೆಯಲ್ಲೇ ನೋಡಬಹುದಾದದ್ದು ಸಾಕಷ್ಟಿದೆ.

ಪಿ0087 ಎಂದರೆ ರೈಲಿನಲ್ಲಿ ಡೀಸೆಲ್ ಒತ್ತಡ ಬೇಕಾದಷ್ಟಿಲ್ಲ ಎಂದು, ಅಷ್ಟೇ. ಯಾಕಿಲ್ಲ ಎನ್ನುವುದು ಆ ಕೋಡಿಗೆ ಗೊತ್ತಿಲ್ಲ. ಟ್ಯಾಂಕಿನಿಂದ ಹೊರಟ ಡೀಸೆಲ್ಲು ಮೊದಲು ಫಿಲ್ಟರಿಗೆ, ಅಲ್ಲಿಂದ ಹೈ ಪ್ರೆಶರ್ ಪಂಪಿಗೆ, ಪಂಪಿನಿಂದ ರೈಲು ಎನ್ನುವ ದಪ್ಪ ಕೊಳವೆಗೆ, ರೈಲಿನಿಂದ ಇಂಜೆಕ್ಟರುಗಳಿಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡರೂ, ಎಲ್ಲಿ ಸೋರಿದರೂ, ಎಲ್ಲಿ ಗಾಳಿ ಎಳೆದುಕೊಂಡರೂ ರೈಲಿನ ಸೆನ್ಸರಿಗೆ ಕಾಣುವುದು ಒತ್ತಡ ಕಮ್ಮಿಯಾದದ್ದು ಮಾತ್ರ. ಫಿಲ್ಟರು ಕಟ್ಟಿದರೂ ಪಿ0087, ಇಂಜೆಕ್ಟರು ರಿಟರ್ನ್ ಲೈನಿಗೆ ಜಾಸ್ತಿ ಬಿಡುತ್ತಿದ್ದರೂ ಪಿ0087, ಪಂಪು ಸವೆದರೂ ಪಿ0087. ಇದರಲ್ಲಿ ಪಂಪು ದುಬಾರಿ, ಫಿಲ್ಟರಿನಷ್ಟು ಅಗ್ಗದ್ದು ಬೇರೆ ಇಲ್ಲ. ಹುಡುಕಾಟವನ್ನು ಟ್ಯಾಂಕಿನ ಕಡೆಯಿಂದ ಶುರುಮಾಡಿ.

ಇದಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ಸ್ಟಿಯರಿಂಗಿನ ಕೆಳಗೆ ಬಗ್ಗಿ ನೋಡಿದರೆ 16 ಪಿನ್ನಿನ ಒಂದು ಸಾಕೆಟ್ಟು ಸಿಗುತ್ತದೆ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಒಬಿಡಿ ಸಾಕೆಟ್ಟು ಇದೇ. ನಮ್ಮ ದೇಶವಿಡೀ ಬಿಎಸ್4 ಹೊಗೆ ನಿಯಮ ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್6 ಬಂದದ್ದು 2020ರ ಏಪ್ರಿಲ್‌ನಲ್ಲಿ. ನಿಮ್ಮದು ಬಿಎಸ್4 ಗಾಡಿ ಎಂದಿದ್ದೀರಿ, ಅದರಲ್ಲಿ ಈ ಸಾಕೆಟ್ಟು ಇರುತ್ತದೆ, ಹಾಗಾಗಿ ಚಿಂತೆಯಿಲ್ಲ. ಇಎಲ್‌ಎಂ327 ಎನ್ನುವ ಹೆಸರಿನಲ್ಲಿ ಸಿಗುವ ಬ್ಲೂಟೂತ್ ಅಡಾಪ್ಟರೊಂದನ್ನು ಅಲ್ಲಿಗೆ ಚುಚ್ಚಿ, ಮೊಬೈಲಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಂಡರೆ ಮುಗಿಯಿತು. ತೀರಾ ಅಗ್ಗದ ನಕಲಿ ಅಡಾಪ್ಟರು ಬೇಡ. ಕೆಲವು ಹಳೆಯ ಗಾಡಿಗಳ ಕೆ-ಲೈನ್ ಭಾಷೆ ಅವಕ್ಕೆ ಬರುವುದಿಲ್ಲ, ಸುಮ್ಮನೆ 'ಕನೆಕ್ಟ್ ಆಗಿಲ್ಲ' ಎಂದು ಕೂರುತ್ತವೆ. ಇನ್ನೊಂದು ವಿಷಯ, ನಮ್ಮ ಕಡೆ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ. ಬ್ಲೂಟೂತಿಗೆ ಅದು ಬೇಕಾಗಿಯೂ ಇಲ್ಲ, ಆದರೆ ಆ್ಯಪನ್ನು ಪೇಟೆಯಲ್ಲಿರುವಾಗಲೇ ಇಳಿಸಿಟ್ಟುಕೊಳ್ಳಿ.

ಕೋಡು ಕಂಡ ಕೂಡಲೇ 'ಕ್ಲಿಯರ್' ಒತ್ತಬೇಡಿ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ಲೈಟು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ಮಾಡಬೇಡಿ. ಕೋಡಿನ ಜೊತೆಗೆ ಎಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಯು, ಇನ್ನೊಂದು ದಾಖಲೆ ಇಟ್ಟಿರುತ್ತದೆ, ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ತೊಂದರೆ ಕಂಡ ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ಸುತ್ತು ಓಡುತ್ತಿತ್ತು, ಗಾಡಿಯ ವೇಗ ಎಷ್ಟು, ಎಂಜಿನ್ನಿನ ಮೇಲೆ ಲೋಡ್ ಎಷ್ಟು ಶೇಕಡಾ, ನೀರು ಎಷ್ಟು ಬಿಸಿಯಾಗಿತ್ತು, ಇಷ್ಟೂ ಅದರಲ್ಲಿರುತ್ತದೆ. ಕ್ಲಿಯರ್ ಮಾಡಿದರೆ ಅದೂ ಅಳಿಸಿಹೋಗುತ್ತದೆ. ಮೊದಲು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲವೇ ಸ್ಕ್ರೀನಿನ ಫೋಟೊ ತೆಗೆದಿಡಿ. ನಿಮ್ಮ ಗಾಡಿಯ ಫ್ರೀಜ್ ಫ್ರೇಮಿನಲ್ಲಿ ಲೋಡ್ 90 ದಾಟಿ, ವೇಗ 20ರ ಆಸುಪಾಸು ಇದ್ದರೆ, ಘಾಟಿಯ ಏರಿನಲ್ಲಿ ಡೀಸೆಲ್ ಸಾಲದೆ ಬಂದ ಕೋಡು ಅದು. ಸಮತಟ್ಟಿನಲ್ಲಿ ಖಾಲಿ ಓಡುವಾಗ ಬಂದಿದ್ದರೆ ಬೇರೆಯೇ ಲೆಕ್ಕ. ಏರಿನಲ್ಲಿ ಮಾತ್ರ ಸೋಲುವ ಗಾಡಿ ಎಂದರೆ ನನಗೆ ಮೊದಲ ಅನುಮಾನ ಫಿಲ್ಟರಿನ ಮೇಲೆ.

ಅದರಲ್ಲೂ ನಮ್ಮಂಥ ಮಳೆಯ ಸೀಮೆಯಲ್ಲಿ. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿಯ ತಂಪಿಗೆ ನೀರಾಗಿ ಡೀಸೆಲ್ಲಿಗೆ ಇಳಿಯುತ್ತದೆ. ತೋಟದ ಪಂಪಿಗೆಂದು ಕ್ಯಾನಿನಲ್ಲಿ ತಂದಿಟ್ಟದ್ದನ್ನು ಗಾಡಿಗೆ ಸುರಿಯುವ ಅಭ್ಯಾಸವೂ ನಮ್ಮಲ್ಲಿದೆ. ಆ ನೀರೆಲ್ಲ ಬಂದು ನಿಲ್ಲುವುದು ಫಿಲ್ಟರಿನ ತಳದಲ್ಲಿ. ಅಲ್ಲೊಂದು ಪ್ಲಾಸ್ಟಿಕ್ ಡ್ರೈನ್ ಸ್ಕ್ರೂ ಇರುತ್ತದೆ, ಕೆಲವದರಲ್ಲಿ ನೀರಿನ ಸೆನ್ಸರಿನ ವೈರೂ ಅಲ್ಲಿಗೇ ಬಂದಿರುತ್ತದೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ, ಕೆಳಗೆ ಅಗಲ ಬಾಯಿಯ ಗಾಜಿನ ಬಾಟಲಿ ಹಿಡಿದು ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ. ಒಂದು ಲೋಟದಷ್ಟು ಇಳಿಯಲಿ. ಬಾಟಲಿಯನ್ನು ಕದಲಿಸದೆ ಜಗಲಿಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ಬೆಳಕಿಗೆ ಹಿಡಿದು ನೋಡಿ. ನೀರಿದ್ದರೆ ಡೀಸೆಲ್ಲಿನ ಕೆಳಗೆ ಬೇರೆಯಾಗಿ ನಿಂತಿರುತ್ತದೆ, ನಡುವಿನ ಗೆರೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ತಳದಲ್ಲಿ ಕಪ್ಪು ಲೋಳೆಯಿದ್ದರೆ ಫಿಲ್ಟರು ಕಟ್ಟಿಕೊಂಡಾಗಿದೆ, ಟ್ಯಾಂಕನ್ನೂ ತೊಳೆಸಬೇಕಾಗುತ್ತದೆ. ಹೊಸ ಫಿಲ್ಟರು ಹಾಕಿದ ಮೇಲೆ ಹ್ಯಾಂಡ್ ಪ್ರೈಮರ್ ಇದ್ದರೆ ಅದು ಕೈಗೆ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪುಗಳ ಕ್ಲಿಪ್ಪುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ. ಆ ಪೈಪಿನಲ್ಲಿ ಡೀಸೆಲ್ಲು ಹೊರಗೆ ಸೋರದೆ, ಗಾಳಿ ಮಾತ್ರ ಒಳಗೆ ಹೋಗುವುದುಂಟು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಡೀಸೆಲ್ ಜೀಪಿನಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಗಾಳಿ ತೆಗೆಯುತ್ತಿದ್ದುದು ನಿಮಗೆ ನೆನಪಿರಬಹುದು. ಕಾಮನ್ ರೈಲ್ ಗಾಡಿಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಲೋಡಿನಲ್ಲಿ ಅದರೊಳಗಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಕೂದಲೆಳೆಯಷ್ಟು ಸಂದಿಯಿಂದ ಚಿಮ್ಮಿದ ಡೀಸೆಲ್ಲೂ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೇಲೆ ಕಾಣುವ ಗಾಯ ಸೂಜಿಮೊನೆಯಷ್ಟೇ, ಒಳಗಿನ ಹಾನಿಗೆ ಕೈಯನ್ನೇ ಕಳೆದುಕೊಂಡವರಿದ್ದಾರೆ. ಸೋರಿಕೆ ಹುಡುಕುವುದಕ್ಕೆ ಬೆರಳು ಸವರುವುದೂ ಬೇಡ, ರಟ್ಟಿನ ತುಂಡು ಹಿಡಿದು ನೋಡಿ.

ಫಿಲ್ಟರು ಬದಲಿಸಿದ ಮೇಲೂ ಲೈಟು ಬಂದರೆ ಆ್ಯಪಿನ ಲೈವ್ ಡೇಟಾದಲ್ಲಿ ಫ್ಯೂಯಲ್ ರೈಲ್ ಪ್ರೆಶರ್ ತೆರೆಯಿರಿ. ಅದು ಕಿಲೋಪಾಸ್ಕಲ್ ಲೆಕ್ಕದಲ್ಲಿ ಬಂದರೆ ನೂರರಿಂದ ಭಾಗಿಸಿ, ಬಾರ್ ಸಿಗುತ್ತದೆ. ಐಡ್ಲಿಂಗಿನಲ್ಲಿ ಸಾಮಾನ್ಯವಾಗಿ 300 ಬಾರ್ ಆಸುಪಾಸು ಇರುತ್ತದೆ, ಕಾಲು ಒತ್ತಿದಂತೆ ಏರಬೇಕು. ಏರುವ ಬದಲು ಕುಸಿದರೆ ಪಂಪು, ಒತ್ತಡದ ವಾಲ್ವು, ಇಂಜೆಕ್ಟರು ಈ ಮೂರರ ಕಡೆ ನೋಡಬೇಕು. ಇಂಜೆಕ್ಟರುಗಳ ರಿಟರ್ನ್ ಎಷ್ಟೆಷ್ಟು ಎಂದು ಅಳೆಯುವುದು ಗ್ಯಾರೇಜಿನ ಕೆಲಸ. ಪಂಪಿನ ಮಾತು ಎತ್ತುವ ಮೊದಲು ಅದನ್ನು ಅಳೆಸಿ. ಘಾಟಿಯಲ್ಲಿ ಈ ಅಂಕಿ ನೋಡಬೇಕೆಂದರೆ ಪಕ್ಕದಲ್ಲಿ ಕೂತವರು ನೋಡಲಿ, ನೀವು ರಸ್ತೆ ನೋಡಿ ಮಾರಾಯ್ರೇ. ಮಾಳದಿಂದ ನಮ್ಮೂರಿನವರೆಗೆ ಹೆದ್ದಾರಿ 169 ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೇ ಬರುವುದು, ಒಂದೊಂದು ತಿರುವೂ ಕಡಿದು.

ಕೋಡು ಒಂದು ಭಾಗದ ಹೆಸರು ಹೇಳಿದಾಗ ಆ ಭಾಗವನ್ನೇ ಕೊಂಡು ತರುವುದು ಯಾಕೆ ಸರಿಯಲ್ಲ ಎನ್ನುವುದಕ್ಕೆ ನಮ್ಮ ಮನೆಯ ಪಿಕಪ್ಪಿನ ಕತೆ ಹೇಳುತ್ತೇನೆ. ಅದರಲ್ಲಿ ಪಿ0118 ಬಂತು. ಕೂಲಂಟ್ ಬಿಸಿ ಅಳೆಯುವ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ ಎಂದು ಅದರ ಅರ್ಥ. ಲೈವ್ ಡೇಟಾ ತೆರೆದರೆ ಎಂಜಿನ್ನಿನ ನೀರು ಮೈನಸ್ 40 ಡಿಗ್ರಿ! ಬಾನೆಟ್ಟಿನ ಮೇಲೆ ಕೈ ಇಡಲಾಗದಷ್ಟು ಬಿಸಿ. ಈ ಮೈನಸ್ 40 ಎಲ್ಲಿ ಕಂಡರೂ ಗುರುತಿಟ್ಟುಕೊಳ್ಳಿ. (ಸೆಲ್ಸಿಯಸ್ಸಿಗೂ ಫ್ಯಾರನ್‌ಹೀಟಿಗೂ ಆ ಅಂಕಿ ಒಂದೇ, ಹಾಗಾಗಿ ಆ್ಯಪ್ ಯಾವ ಲೆಕ್ಕ ತೋರಿಸಿದರೂ ತೊಂದರೆಯಿಲ್ಲ.) ಇಸಿಯು ಆ ಸೆನ್ಸರಿನ ವೈರಿಗೆ 5 ವೋಲ್ಟ್ ಕೊಟ್ಟು, ಎಷ್ಟು ಇಳಿಯಿತು ಎಂದು ನೋಡಿ ಬಿಸಿ ತಿಳಿಯುತ್ತದೆ. ಬಿಸಿಯಾದಂತೆ ಸೆನ್ಸರಿನ ರೋಧ ಕಮ್ಮಿಯಾಗಿ ವೋಲ್ಟೇಜ್ ಇಳಿಯಬೇಕು. ಇಳಿಯದೆ 5ರಲ್ಲೇ ನಿಂತಿದೆ ಎಂದರೆ ಎಲ್ಲೋ ತುಂಡಾಗಿದೆ. ಸೆನ್ಸರಿನೊಳಗೋ, ವೈರಿನಲ್ಲೋ ಎನ್ನುವುದನ್ನು ತಿಳಿಯಬೇಕು.

ಅದನ್ನು ತಿಳಿಯಲು ಒಂದು ಅಂಗುಲ ವೈರು ಸಾಕು. ಸೆನ್ಸರಿನ ಕಪ್ಲರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್ನುಗಳನ್ನು ಆ ತುಂಡಿನಿಂದ ಜೋಡಿಸಿ, ಕೀ ಆನ್ ಮಾಡಿ ಅಂಕಿ ನೋಡಿದೆ. ವೈರು ಸರಿಯಿದ್ದಿದ್ದರೆ ಅದು ಒಮ್ಮೆಲೇ ನೂರು ದಾಟಿ ಮೇಲೆ ಹಾರಬೇಕಿತ್ತು, ಆಗ ಸೆನ್ಸರೇ ಹೋಗಿದೆ ಎಂದು ಖಚಿತವಾಗುತ್ತಿತ್ತು. ಹಾರಲಿಲ್ಲ, ಮೈನಸ್ 40ರಲ್ಲೇ ಕೂತಿತ್ತು. ವೈರು ಹಿಡಿದು ಹೋದರೆ ಬ್ಯಾಟರಿ ತಟ್ಟೆಯ ಹಿಂದೆ ಇಲಿಯ ಗೂಡು. ದರಗು, ಅಡಿಕೆ ಸಿಪ್ಪೆ, ಗೋಣಿಯ ನಾರು, ಅದರ ನಡುವೆ ಕಡಿದು ಬಿಟ್ಟ ವೈರಿನ ಎರಡು ತುದಿಗಳು, ತಾಮ್ರದ ಮೇಲೆ ಆಗಲೇ ಹಸಿರು ಕಿಲುಬು. ಕಿಲುಬು ಹಿಡಿದಷ್ಟನ್ನು ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ತೋಳು ಎಳೆದೆ. ಬರೀ ತಿರುಚಿ ಟೇಪು ಸುತ್ತಿದರೆ ನಮ್ಮ ಒಂದು ಮಳೆಗಾಲಕ್ಕೂ ತಡೆಯುವುದಿಲ್ಲ. ಒಂದು ಎಚ್ಚರಿಕೆ: ಈ ಪಿನ್ ಜೋಡಿಸುವ ಪರೀಕ್ಷೆ ಎರಡು ವೈರಿನ ಬಿಸಿ ಸೆನ್ಸರಿಗೆ ಮಾತ್ರ. ರೈಲ್ ಪ್ರೆಶರಿನಂಥ ಮೂರು ವೈರಿನ ಸೆನ್ಸರಿಗೆ ಮಾಡಿದರೆ ಇಸಿಯು ಸುಡಬಹುದು.

ಒಟ್ಟಿಗೆ ನಾಲ್ಕಾರು ಕೋಡು ಬಂದರೆ ಗಾಬರಿ ಬೀಳಬೇಡಿ. ಅಷ್ಟೂ ಸೆನ್ಸರು ಒಂದೇ ದಿನ ಹಾಳಾಗುವುದಿಲ್ಲ. ಎಲ್ಲಕ್ಕೂ ಸೇರಿದ ಒಂದನ್ನು ಹುಡುಕಿ: ಬ್ಯಾಟರಿ, ಫ್ಯೂಸು, ಅರ್ಥಿಂಗ್. ಮಲ್ಟಿಮೀಟರಿನಲ್ಲಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಹತ್ತಿರ, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಪಟ್ಟಿಯ ಬೋಲ್ಟು ತುಕ್ಕು ಹಿಡಿದಿದೆ. ಬಿಚ್ಚಿ ಉಜ್ಜಿ ಗಟ್ಟಿ ಮಾಡಿದರೆ ಎಷ್ಟೋ ಸಲ ಆ ಕೋಡುಗಳು ಮತ್ತೆ ಬರುವುದೇ ಇಲ್ಲ. ತೊಂದರೆ ಹೋದ ಮೇಲೆ ಮೂರು ಓಡಾಟ ಸರಿಯಾಗಿ ನಡೆದರೆ ಸಾಮಾನ್ಯವಾಗಿ ಲೈಟು ತಾನಾಗಿ ಆರುತ್ತದೆ.

ನಿಮ್ಮ ತಮ್ಮ ಬಿಎಸ್6 ಗಾಡಿ ತೆಗೆದುಕೊಳ್ಳುವವರಿದ್ದಾರೆ ಎಂದಿದ್ದೀರಿ. ಅದರಲ್ಲಿ ಹೊಗೆಯ ಮಸಿ ಹಿಡಿದು ಸುಡುವ ಫಿಲ್ಟರು, ಅಂದರೆ ಡಿಪಿಎಫ್, ಇದ್ದರೆ ಅವರಿಗೆ ಹೇಳಿ: ಮನೆಯಿಂದ ತೋಟಕ್ಕೆ, ತೋಟದಿಂದ ಸೊಸೈಟಿಗೆ ಎಂದು ಚಿಕ್ಕ ಚಿಕ್ಕ ಓಡಾಟವನ್ನೇ ಮಾಡಿದರೆ ಮಸಿ ಸುಡುವಷ್ಟು ಸೈಲೆನ್ಸರು ಕಾಯುವುದಿಲ್ಲ. ಮಸಿ ಸುಡುವುದಕ್ಕೆ ಸುಮಾರು 600 ಡಿಗ್ರಿ ಬೇಕು. ಆಗೀಗ ಕೊಪ್ಪದ ತನಕವೋ ತೀರ್ಥಹಳ್ಳಿಯ ತನಕವೋ ಒಂದೇ ಓಟದಲ್ಲಿ ಹೋಗಿಬರಲಿ. ಸುಡುವಾಗ ನಡುವೆ ಪದೇಪದೇ ಆರಿಸಿದರೆ ಡೀಸೆಲ್ಲು ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲು ಇಳಿಯುವ ಬದಲು ಏರಿದ್ದರೆ ಮೂಸಿ ನೋಡಲಿ.

ಇಷ್ಟೆಲ್ಲ ಬರೆದದ್ದು ಮೆಕ್ಯಾನಿಕ್ಕನ್ನು ಬಿಟ್ಟುಬಿಡಿ ಎಂದಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವವರು ನಮ್ಮ ಕಡೆ ಇದ್ದಾರೆ, ಅವರ ಕೈಯ ಕೆಲಸ ನನ್ನ ಮೊಬೈಲಿಗೆ ಬರುವುದಿಲ್ಲ. ಆದರೆ ಘಾಟಿಯಲ್ಲಿ ಗಾಡಿ ಸೋಲುವಾಗ ಅವರು ಪಕ್ಕದಲ್ಲಿ ಇರುವುದಿಲ್ಲವಲ್ಲ, ನೀವಿರುತ್ತೀರಿ. 'ಎಳೆಯುವುದಿಲ್ಲ' ಎಂದಷ್ಟೇ ಹೇಳಿದರೆ ಅವರೂ ಅಂದಾಜಿನ ಮೇಲೆ ಸಾಮಾನು ಬದಲಿಸಬೇಕಾಗುತ್ತದೆ. ಇಂಥ ಏರಿನಲ್ಲಿ, ಇಷ್ಟು ಲೋಡಿನಲ್ಲಿ, ರೈಲ್ ಪ್ರೆಶರ್ ಇಷ್ಟಕ್ಕೆ ಕುಸಿಯಿತು, ಫಿಲ್ಟರು ಹೊಸದು, ನೀರು ತೆಗೆದಾಗಿದೆ ಎಂದು ಚೀಟಿ ಕೊಟ್ಟರೆ ಒಳ್ಳೆಯ ಮೆಕ್ಯಾನಿಕ್ ಖುಷಿಯಿಂದ ಓದುತ್ತಾನೆ. ಆಮೇಲೂ ಪಂಪೇ ಹೋಗಿದೆ ಎಂದು ಆತ ಹೇಳಿದರೆ ನೀವು ಧೈರ್ಯವಾಗಿ ದುಡ್ಡು ಹಾಕಬಹುದು.

ಮುಂದಿನ ಪತ್ರದಲ್ಲಿ ನನಗೆ ಮೂರು ವಿಷಯ ಬರೆಯಿರಿ: ಫ್ರೀಜ್ ಫ್ರೇಮಿನ ಅಂಕಿಗಳು, ಬಾಟಲಿಯ ತಳದಲ್ಲಿ ಏನು ಕಂಡಿತು, ಫಿಲ್ಟರು ಹಾಕಿದ ಮೇಲೆ ಐಡ್ಲಿಂಗಿನಲ್ಲಿ ರೈಲ್ ಪ್ರೆಶರ್ ಎಷ್ಟು. ಲೋಡು ಹಾಕಿ ನೋಡುವುದಾದರೆ ಮಾಳದ ಘಾಟಿಗೇ ನೇರ ಹೋಗಬೇಡಿ, ಮೊದಲು ನಿಮ್ಮ ಊರಿನ ಹತ್ತಿರದ ಏರಿನಲ್ಲಿ ನೋಡಿ. ಈ ಕಡೆ ಬಂದರೆ ಮನೆಗೆ ಬನ್ನಿ, ಅಡಾಪ್ಟರು ನನ್ನ ಹತ್ತಿರ ಇದೆ, ಮಲ್ಟಿಮೀಟರೂ ಇದೆ.

ಇತಿ,
ನಿಮ್ಮ ಕೆರೆಕಟ್ಟೆಯ ಗೆಳೆಯ