ಹಸಿರು ನೀರಿನ ಹಟ

ಮಳೆಗಾಲದ ಕೆಂಪು ನೀರಿಗೆ ಪಟಿಕ ಆಡಿಸುವುದು ನಮ್ಮ ಹೆಂಗಸರಿಗೆ ಹೊಸದೇನಲ್ಲ. ಅಮ್ಮ ಕೊಡದೊಳಗೆ ಪಟಿಕದ ತುಂಡನ್ನು ನಾಲ್ಕು ಸುತ್ತು ತಿರುಗಿಸಿ ಮುಚ್ಚಿಟ್ಟರೆ, ಬೆಳಗಾಗುವಷ್ಟರಲ್ಲಿ ಮಣ್ಣೆಲ್ಲ ತಳ ಸೇರಿರುತ್ತಿತ್ತು. ಬೇಸಿಗೆಯಲ್ಲಿ ಕೆರೆ ಇಳಿದು ನೀರು ಹಸಿರಾದಾಗ ಮಾತ್ರ ಅದೇ ಪಟಿಕ ಸೋಲುತ್ತಿತ್ತು. "ಈ ನೀರಿಗೆ ಹಟ ಜಾಸ್ತಿ" ಎನ್ನುತ್ತಿದ್ದಳು ಅಮ್ಮ.

ಆ ಹಟದ ಗುಟ್ಟು ನನಗೆ ತಿಳಿದದ್ದು ಟೀಚರಾದ ಮೇಲೆ. ಮಣ್ಣಿನ ಕಣಗಳ ಮೈಮೇಲೆ ಋಣ ವಿದ್ಯುದಂಶವಿರುತ್ತದೆ. ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಪಟಿಕದ ಅಲ್ಯೂಮಿನಿಯಂ ಆ ಜಗಳ ಬಿಡಿಸಿ, ಕಣಗಳನ್ನು ಗಂಟು ಕಟ್ಟಿ ಕೆಳಗಿಳಿಸುತ್ತದೆ. ಪಾಚಿ ಹಗುರ, ಸುಲಭಕ್ಕೆ ಮುಳುಗದು. ಸಾಲದ್ದಕ್ಕೆ ಪ್ರೋಟೀನು, ಸಕ್ಕರೆ ಜಾತಿಯ ಲೋಳೆಯನ್ನೂ ನೀರಿಗೆ ಬಿಡುತ್ತದೆ. ಅಲ್ಪಸ್ವಲ್ಪ ಲೋಳೆ ಕಣಗಳನ್ನು ಅಂಟಿಸಲು ನೆರವಾಗುವುದೂ ಉಂಟು. ಹೆಚ್ಚಾದರೆ ಪಟಿಕವನ್ನು ತಾನೇ ಕಬಳಿಸುತ್ತದೆ. ನೆಂಟರಿಗೆ ಮಾಡಿದ ಅಡುಗೆಯನ್ನು ದಾರಿಹೋಕರು ಉಂಡು ಹೋದ ಹಾಗೆ! ಶುದ್ಧೀಕರಣ ಘಟಕದಲ್ಲಿ ಮೊದಲೇ ಕ್ಲೋರಿನ್ ಸುರಿದರೆ ಪಾಚಿಯ ಕೋಶ ಒಡೆದು, ಒಳಗಿನದೂ ನೀರಿಗೆ ಬೆರೆಯಬಹುದು.

ಕೆಲವು ನೀಲಿಹಸಿರು ಪಾಚಿಯೊಳಗೆ ವಿಷವೂ ಇರುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರದ ನೀರಿಗೆ ಈರಿ ಸರೋವರದಿಂದ ಇಂಥ ವಿಷ ಬಂದು, ಸುಮಾರು 4 ಲಕ್ಷ ಜನ ನಲ್ಲಿ ನೀರು ಮುಟ್ಟದೆ ದಿನ ಕಳೆದರು.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಸೊಸೆ ಹಸಿರು ನೀರನ್ನು ಆರಿಸಿ ಮಗುವಿಗೆ ಕುಡಿಸಲು ಹೊರಟಿದ್ದಳು. "ಚೆನ್ನಾಗಿ ಕುದಿಸಿದ್ದೀನಲ್ಲ, ಟೀಚರ್?" ಎಂದಳು.

"ಕುದಿಸಿದರೆ ಕ್ರಿಮಿ ಸಾಯುತ್ತೆ ಕಣಮ್ಮ, ಪಾಚಿಯ ವಿಷ ಹೋಗಲ್ಲ" ಎಂದು ನಮ್ಮ ಕೊಳವೆಬಾವಿಯ ನೀರು ಕೊಟ್ಟೆ. ಮರುದಿನ ಬೀದಿಯ ಹೆಂಗಸರೆಲ್ಲ ಬಾಟಲಿಗಳಲ್ಲಿ ಆ ನೀರು ತುಂಬಿಕೊಂಡು ಪುರಸಭೆಗೆ ಹೋದೆವು. ನೀರಿಗಿಂತ ನಮ್ಮ ಹಟ ಒಂದು ಕೈ ಮೇಲಿರಲಿ ಎಂದು.