ಶೀಟು ತೆಗ್ದು ಶೀಟೇ ಹಾಕ್ಸಿದ್ವಿ

ಸೂರು ಬದಲಾಯ್ಸಿದ ಮೇಲೆ ಎಲ್ರದ್ದೂ ಒಂದೇ ಮಾತು, "ಅಷ್ಟು ದುಡ್ಡು ಸುರ್ದು ಮತ್ತೆ ಶೀಟೇನಾ? ಮೋಲ್ಡ್ ಹಾಕ್ಸಬಾರ್ದಿತ್ತಾ?" ಲಗ್ಗೆರೆ ಚಿಕ್ಕಮ್ಮ ಫೋನಲ್ಲಿ ಕೇಳಿದ್ರು, ಎದುರುಮನೆಯವ್ರು ಹಾಲು ತರೋವಾಗ ಕೇಳಿದ್ರು. ಒಬ್ಬೊಬ್ರಿಗೂ ಹೇಳಿ ಸಾಕಾಯ್ತು, ಅದಕ್ಕೇ ಲೆಕ್ಕ ಸಮೇತ ಬರೀತಿದೀನಿ.

ಪೀಣ್ಯ ಎರಡನೇ ಹಂತದ ಹಿಂದಿರೋ ನಮ್ಮನೆ ನಿಮಗೆ ಗೊತ್ತಲ್ಲ, ಇಪ್ಪತ್ತು ಮೂವತ್ತರ ಸೈಟಲ್ಲಿ 500 ಚದರಡಿ. ನಮ್ಮನೆಯವ್ರು ಲೇತ್ ಕೆಲಸದಲ್ಲಿದ್ದಾಗ ಹಾಕ್ಸಿದ ಸಿಮೆಂಟ್ ಶೀಟಿಗೆ 24 ವರ್ಷ ಆಗಿತ್ತು. ಟಾರು ಹಚ್ಚಿ, ಟಾರ್ಪಾಲು ಹೊದಿಸಿ ದೂಡ್ತಿದ್ವಿ. ಹೋದ ಮಳೆಗಾಲ ಒಂದೇ ರಾತ್ರಿ ಅತ್ತೆ ಮಂಚಾನ ಮೂರು ಸಲ ಜರುಗ್ಸಿದ್ವಿ.

ಕೈಲಿದ್ದಿದ್ದು ಮಗಳ ಮದುವೆಗೆ ಅಂತ ಕಟ್ಟಿದ್ದ ಚೀಟಿ ದುಡ್ಡು, ಎರಡು ಲಕ್ಷ. ಅಷ್ಟೇ.

ಮೊದಲು ಬಂದ ಮೇಸ್ತ್ರಿ ಮೋಲ್ಡ್ ಹಾಕೋಣ, ಒಂದೂಕಾಲು ಲಕ್ಷದಲ್ಲಿ ಮುಗಿಸ್ತೀನಿ ಅಂದ್ರು. ನಾನು ನೋಟ್‌ಬುಕ್ ಹಿಡ್ಕೊಂಡು ಕೂತೆ. ಐದಿಂಚು ದಪ್ಪ ಅಂದ್ರೆ 50 ಮೂಟೆ ಸಿಮೆಂಟು 20,000, ಕಂಬಿ 600 ಕೆಜಿ 39,000, ಜಲ್ಲಿ ಎಂ ಸ್ಯಾಂಡು 22,000, ಸೆಂಟ್ರಿಂಗು 25,000, ಕೂಲಿ ಮಿಕ್ಸರ್ ಸೇರಿ 30,000. ಇಲ್ಲಿಗೇ 1,36,000. ಮೇಸ್ತ್ರಿ ಬಾಯಲ್ಲಿ ಬರದೇ ಇದ್ದದ್ದು ಇನ್ನೂ ಇತ್ತು. ಕೆಳಗಡೆ ಗಾರೆ, ಮೇಲೆ ನೀರು ಇಂಗದ ಹಾಗೆ ಬಳಿಯೋದು, ಪ್ಯಾರಪೆಟ್, ವೈರಿಂಗು, ಆಮೇಲೆ ಸೆಂಟ್ರಿಂಗ್ ಬಿಚ್ಚೋವರೆಗೂ ಬೇರೆ ಕಡೆ ಬಾಡಿಗೆ. ಎರಡು ಲಕ್ಷ ದಾಟ್ತು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ ನಿಜ, ಆದ್ರೆ 50 ಮೂಟೆಗೆ ಉಳಿಯೋದು ಒಂದೂವರೆ ಸಾವಿರ. ಕೆಲಸದ ಹುಡುಗ್ರ ಟೀ ಬನ್ನಿಗೇ ಅದು ಹೋಗುತ್ತೆ.

ಆದ್ರೂ ನಮ್ಮನೆಯವ್ರಿಗೆ ಮೋಲ್ಡೇ ಆಗ್ಬೇಕಿತ್ತು. ಹುಡುಗನ ಕಡೆಯವ್ರು ಬಂದಾಗ ತಲೆ ಎತ್ತಿ ನೋಡ್ತಾರಲ್ಲ ಅಂತ. ನಾನೇ ಹಟ ಮಾಡಿ 2,000 ಕೊಟ್ಟು ಒಬ್ಬ ಇಂಜಿನಿಯರನ್ನ ಕರ್ಸಿದೆ. ಆ ಹುಡುಗ ಗೋಡೆ ಮೂಲೆ ಕೆರೆದು ನೋಡ್ದ. ನಾಲ್ಕಿಂಚು ಬ್ಲಾಕು, ಪಿಲ್ಲರ್ ಇಲ್ಲ. "ಅಮ್ಮ, ಇದು ಶೀಟು ಹೊರೋ ಗೋಡೆ. ಮೋಲ್ಡಿನ ತೂಕ ಹತ್ತು ಟನ್ ಮೇಲಿರುತ್ತೆ. ಮೋಲ್ಡ್ ಬೇಕಂದ್ರೆ ಪಾಯದಿಂದ ಪಿಲ್ಲರ್ ಎಬ್ಬಿಸ್ಬೇಕು" ಅಂದ. ಮನೆಯವ್ರು ಆ ರಾತ್ರಿ ಸರಿಯಾಗಿ ಊಟ ಮಾಡ್ಲಿಲ್ಲ. ಮೇಸ್ತ್ರಿ ಒಂದು ಸಲಾನೂ ಗೋಡೆ ಮುಟ್ಟಿ ನೋಡಿರ್ಲಿಲ್ಲ ಅನ್ನೋದು ನಂಗೆ ಇವತ್ತಿಗೂ ಸಿಟ್ಟು.

ಹಾಗಾಗಿ ಬಣ್ಣದ ತಗಡಿನ ಶೀಟು. ಚಾಚು ಬಿಟ್ಟು, ಒಂದರ ಮೇಲೊಂದು ಹತ್ತಿಸೋದಕ್ಕೂ ಸೇರಿಸಿ 500 ಚದರಡಿ ಮನೆಗೆ 600 ಚದರಡಿ ಶೀಟು ಬೇಕಾಯ್ತು. ಪೈಪು, ವೆಲ್ಡಿಂಗು, ಕೂಲಿ ಎಲ್ಲ ಸೇರಿ ಅಡಿಗೆ 150, ಅಂದ್ರೆ 90,000. ಗೋಡೆ ತಲೆ ಸರಿಮಾಡೋಕೆ 12,000, ಹಳೇದು ಇಳಿಸೋಕೆ 8,000, ಇಂಜಿನಿಯರ್ದು 2,000. ಒಟ್ಟು 1,12,000. ಚೀಟಿಲಿ 88,000 ಉಳೀತು, ಮಗಳ ಹೆಸರಲ್ಲೇ ಬ್ಯಾಂಕಿಗೆ ಹಾಕಿದೀನಿ.

ಬಿಳಿ ಬಣ್ಣವೇ ತಗೊಳ್ಳಿ, ಬಿಸಿಲು ಕಮ್ಮಿ ಹೀರುತ್ತೆ. ಮಳೆ ಬಂದ್ರೆ ಮಾತ್ರ ಸೀರಿಯಲ್ ಕೇಳ್ಸಲ್ಲ, ಅತ್ತೆ ಬಾಯಿ ನೋಡೇ ಕಥೆ ತಿಳ್ಕೋತಾರೆ.

ಹಳೇ ಶೀಟು ಇಳಿಸೋರಿಗೆ ಒಂದು ಮಾತು ಹೇಳ್ಲೇಬೇಕು. ಅದರಲ್ಲಿ ಕಲ್ನಾರು ಇರುತ್ತೆ. ಸುಮ್ನೆ ಮೇಲಿದ್ರೆ ಅಷ್ಟು ಭಯ ಇಲ್ಲ, ಒಡೆದ್ರೆ ಕುಯ್ದ್ರೆ ಏಳೋ ಧೂಳು ಶ್ವಾಸಕೋಶಕ್ಕೆ ಹೋಗಿ ಎಷ್ಟೋ ವರ್ಷ ಆದ್ಮೇಲೆ ಕ್ಯಾನ್ಸರ್ ಕೂಡ ಬರಬಹುದು. ನಾವು ನೀರು ಹಾಕಿ ನೆನೆಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿದ್ವಿ. ಮಕ್ಕಳನ್ನ ಹತ್ರ ಬಿಡ್ಲಿಲ್ಲ, ಪೊರಕೆಲಿ ಗುಡಿಸ್ಲಿಲ್ಲ, ಒದ್ದೆ ಬಟ್ಟೆಲಿ ಒರೆಸಿದ್ವಿ. ಪಕ್ಕದ ಬೀದಿಯವ್ರು ಒಡೆದು ಗುಂಡಿಗೆ ತುಂಬ್ತೀವಿ ಕೊಡಿ ಅಂದ್ರು, ಕೊಡ್ಲಿಲ್ಲ. ಹಿತ್ಲಲ್ಲಿ ಟಾರ್ಪಾಲು ಹೊದಿಸಿ ಇಟ್ಟಿದೀವಿ. ಇದನ್ನ ಸರಿಯಾಗಿ ತಗೊಂಡು ಹೋಗೋರು ನಿಮಗೆ ಯಾರಾದ್ರೂ ಗೊತ್ತಿದ್ರೆ ಹೇಳಿ.