ವಡಪಳನಿಯಲ್ಲಿ ಒಂದು ಚಿಟಿಕೆ ಕಾವು

ಕನ್ನಡ ಹಾಡುಗಳ ತವರು ಯಾವುದು? ಬೆಂಗಳೂರು, ಮೈಸೂರು ಅಂತೀರಾ? ಅಲ್ಲ ಸ್ವಾಮಿ! ಎಷ್ಟೋ ವರ್ಷ ಅವು ಹುಟ್ಟಿದ್ದು ಮದರಾಸಿನಲ್ಲಿ. ನಮ್ಮ ಜಿ.ಕೆ. ವೆಂಕಟೇಶ್ ಅವರ ಗರಡಿಯಲ್ಲಿ ಸಹಾಯಕರಾಗಿದ್ದ ಇಳಯರಾಜಾ, ಮುಂದೆ ಶಂಕರನಾಗ್ ಅವರ ‘ಗೀತಾ’ಕ್ಕೆ (1981) ಸಂಗೀತ ಕೊಟ್ಟದ್ದು ನಿಮಗೆ ಗೊತ್ತೇ ಇದೆ.

ಆ ಊರಿಗೆ ಈಚೆಗೆ ಹೋಗಿದ್ದೆ. ಸೆಂಟ್ರಲ್‌ನಲ್ಲಿ ಇಳಿದು ಮೆಟ್ರೋದ ಹಸಿರು ಲೈನ್ ಹಿಡಿದರೆ ನೇರ ವಡಪಳನಿ. ವಿಜಯಾ-ವಾಹಿನಿ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಆಸ್ಪತ್ರೆ, ಮಾಲ್. ಹಳೆಯ ಫ್ಲೋರುಗಳನ್ನು ನೆನೆದು ಬಂದವನಿಗೆ ಹೊಟ್ಟೆ ಚುರ್ ಅನ್ನುತ್ತೆ.

ಜೊತೆಗಿದ್ದವನು ಗೆಳೆಯ. ಅವನದೊಂದು ಸಣ್ಣ ಚಿತ್ರ, ಅದರಲ್ಲಿ ಒಂದೇ ಹಾಡು. ಬೆಂಗಳೂರಿನ ಒಂದು ಕೋಣೆಯಲ್ಲಿ ಕಂಪ್ಯೂಟರಿನಲ್ಲೇ ತಯಾರಾದದ್ದು. ಪಿಟೀಲು ಕೂಡ ಕೀಬೋರ್ಡಿನದೇ. ಕೇಳಿದರೆ ತೊಳೆದಿಟ್ಟ ಸ್ಟೀಲ್ ತಟ್ಟೆ... ಶುಚಿ, ಆದರೆ ತಣ್ಣಗೆ! ದುಡ್ಡು ಹಾಕಿದ ಭಾವ ಕೊಟ್ಟ ಕೊನೆಯ ಕಂತಿನಲ್ಲಿ ಒಂದು ದಿನದ ಮಿಕ್ಸಿಂಗ್ ಆಗಬೇಕು, ಉಳಿದದ್ದು ಪೋಸ್ಟರಿಗೆ. “ಹಳೇ ಹಾಡಿನ ಬೆಚ್ಚನೆ ಸೌಂಡು ಬರದಿದ್ರೆ ನಾನು ಊರಿಗೆ ಬರಲ್ಲ ಕಣೋ” ಎಂದಿದ್ದ.

ಒಂದು ಮೆಸ್ಸಿನ ಹಿಂದೆ, ಕಿರಿದಾದ ಮೆಟ್ಟಿಲು ಹತ್ತಿದರೆ ಮಿಕ್ಸಿಂಗ್ ಕೋಣೆ. ಎಂಜಿನಿಯರ್ ಮಂಡ್ಯ ಕಡೆಯವರು, ಟೇಪಿನ ಕಾಲದಲ್ಲಿ ಹೆಲ್ಪರ್ ಆಗಿ ಬಂದು ಇಲ್ಲೇ ನೆಲೆಯಾದವರು. ಟೇಪ್ ಯಂತ್ರವೇನೂ ಇಲ್ಲ. ಕಂಪ್ಯೂಟರು, ಎರಡು ಸ್ಪೀಕರು, ಅಷ್ಟೇ.

“ಕಾವು ಅಂದ್ರೆ ಏನು ಗೊತ್ತಾ ತಮ್ಮಾ? ಯಂತ್ರ ಮಾಡೋ ಒಂದು ಚಿಕ್ಕ ತಪ್ಪು” ಅಂದರು. ಟೇಪಿನ ಮೇಲಿರುವುದು ಅಯಸ್ಕಾಂತದ ಪುಡಿ. ದನಿ ಜೋರಾದಂತೆ ಅದು ‘ಇನ್ನು ಸಾಕು’ ಅನ್ನುತ್ತೆ. ಅದೇ ಸ್ಯಾಚುರೇಶನ್. ದನಿಯ ಚೂಪು ಶಿಖರಗಳು ದುಂಡಗಾಗುತ್ತವೆ, ಇಲ್ಲದ ಸ್ವರಗಳು ಹುಟ್ಟುತ್ತವೆ. ಷಡ್ಜ ಸೆಕೆಂಡಿಗೆ 200 ಕಂಪನ ಅಂತಿಟ್ಟುಕೊಳ್ಳಿ. 400 ಸೇರಿದರೆ ಮೇಲಿನ ಷಡ್ಜ, 600 ಸೇರಿದರೆ ಅದರ ಮೇಲಿನ ಪಂಚಮ. ಟೇಪು ಹೆಚ್ಚಾಗಿ 600ನ್ನು, ಕೆಲವು ವಾಲ್ವ್ ಸರ್ಕೀಟುಗಳು 400ನ್ನು ಸೇರಿಸುತ್ತವೆ. ಅದಕ್ಕೇ ಕಿವಿಗೆ ತುಂಬಿಕೊಂಡಂತೆ ಕೇಳೋದು.

ಆ ತಪ್ಪನ್ನೇ ಇವತ್ತು ಪ್ಲಗಿನ್ ಮಾಡಿ ಮಾರುತ್ತಾರೆ! ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಮುದ್ರಿಸಿದ ಸ್ಟೂಡರ್ ಜೆ-37 ಯಂತ್ರ ಒಂದಿಂಚಿನ ಟೇಪಿನಲ್ಲಿ ನಾಲ್ಕೇ ಟ್ರ್ಯಾಕಿನದು. ಅದರ ನಕಲನ್ನು ವೇವ್ಸ್ ಕಂಪನಿ ಕಂಪ್ಯೂಟರಿಗೆ ಇಳಿಸಿದೆ. ಅದನ್ನೇ ತೆರೆದು ಗಾಯಕಿಯ ದನಿಗೆ ಹಾಕಿದರು.

ಗೆಳೆಯನಿಗೆ ಹುಚ್ಚೇ ಹಿಡಿಯಿತು. “ಇನ್ನೂ ತಿರುಗ್ಸಿ ಸಾರ್! ಇನ್ನೂ!”

ತಿರುಗಿಸಿದರು. ಅವನು ಕುಣಿದ. ಆಮೇಲೆ ಏನೂ ಹೇಳದೆ ಔಟ್‌ಪುಟ್ ಇಳಿಸಿ, ಎರಡೂ ದನಿಯನ್ನು ಒಂದೇ ಎತ್ತರಕ್ಕೆ ತಂದು, “ಈಗ ಕಣ್ಣು ಮುಚ್ಚು” ಅಂದರು. ಮೂರು ಸಲ ಕೇಳಿಸಿದರು, ಮೂರು ಸಲವೂ ಅವನು ಆರಿಸಿದ್ದು ಏನೂ ಹಾಕದ ದನಿಯನ್ನೇ! ಅಷ್ಟು ಹೊತ್ತು ಅವನಿಗೆ ಚೆನ್ನಾಗಿ ಕೇಳಿಸಿದ್ದು ಬರೀ ಜೋರು. ಶ, ಸ ಅಕ್ಷರಗಳು ಅಷ್ಟರಲ್ಲಿ ಮರಳು ಉಜ್ಜಿದ ಹಾಗೆ ಗೀರುತ್ತಿದ್ದವು.

ಕೊನೆಗೆ ದನಿಯ ಒಂದು ಪ್ರತಿ ತೆಗೆದು ಅದಕ್ಕಷ್ಟೇ ಸ್ಯಾಚುರೇಶನ್ ಕೊಟ್ಟು, ಮೇಲಿನ ಚೂಪು ಕತ್ತರಿಸಿ, ಅಸಲಿ ದನಿಯ ಕೆಳಗೆ ತೆಳುವಾಗಿ ಹಾಸಿದರು. ಬಾಸ್ ಗಿಟಾರಿಗೆ ಧಾರಾಳವಾಗಿ, ಢೋಲಕ್ಕಿಗೆ ಸ್ವಲ್ಪ. ಹಾಡು ಮೈ ತುಂಬಿಕೊಂಡಿತು, ಸುಳ್ಳು ಹೇಳಬಾರದು.

ಪಿಟೀಲು ಮಾತ್ರ ಜಗ್ಗಲಿಲ್ಲ. ಏನು ಹಾಕಿದರೂ ಬೆಚ್ಚಗಿನ ಕೀಬೋರ್ಡೇ ಹೊರತು ಪಿಟೀಲಲ್ಲ. ಆ ಕಾಲದಲ್ಲಿ ಒಂದೇ ಹಾಲಿನಲ್ಲಿ ಸಾಲಾಗಿ ಕೂತು ನುಡಿಸುತ್ತಿದ್ದರು, ಒಬ್ಬರ ಮೈಕಿಗೆ ಪಕ್ಕದವರ ನಾದ ನುಗ್ಗುತ್ತಿತ್ತು. ನಾವು ‘ಟೇಪ್ ಸೌಂಡು’ ಅಂತ ಕೊಂಡಾಡುವುದರಲ್ಲಿ ಅರ್ಧ ಪಾಲು ಆ ಹಾಲಿನದು, ಆ ಬೆರಳುಗಳದು ಅಂತ ನನ್ನ ಲೆಕ್ಕ. ಯಾವ ಪ್ಲಗಿನ್ ತರುತ್ತೆ ಅದನ್ನ?

ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ಗೆಳೆಯ ರಸಂ ಮುಟ್ಟಲಿಲ್ಲ. ಎದ್ದು ಹೊರಗೆ ಹೋಗಿ ಫೋನ್ ಮಾಡಿದ. “ಭಾವ... ಪೋಸ್ಟರ್ ಅರ್ಧ ಮಾಡ್ಸೋಣ.” ಆ ಕಡೆಯಿಂದ ಬೈಗುಳ ನನಗೂ ಕೇಳಿಸಿತು.

ನಾಲ್ಕು ಗಂಟೆಗೆ ಪಿಟೀಲು ವಿದ್ವಾಂಸರೊಬ್ಬರು ಹೆಲ್ಮೆಟ್ ತೆಗೆಯುತ್ತಾ ಒಳಗೆ ಬಂದರು. ಅದೇ ಸಾಲನ್ನು ಆರು ಸಲ ನುಡಿಸಿದರು, ಪ್ರತಿ ಸಲವೂ ಕುರ್ಚಿ ಒಂದಿಷ್ಟು ಸರಿಸಿಕೊಂಡು.